ಕಂಬದ ಆಚೆಗಿನ ಹಿಮ

(ಚಳಿಗಾಲದ ಆರಂಭಕ್ಕೆ ಜ್ಯೂರಿಕ್‌ನಲ್ಲಿ ಸೇರಿದ್ದ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕುಳಿತಿರುವ ಅನೇಕರು ಸ್ವಿಟ್ಜರ್ಲೆಂಡಿಗೆ ಬಂದ ಮೇಲೆಯೇ ಹಿಮವನ್ನು ಮೊದಲ ಬಾರಿ ಮುಟ್ಟಿದವರು. ಒಂದು ಚಳಿಗಾಲ ಸ್ಕೀ ಶಾಲೆಯ ಇಳಿಜಾರಿನಲ್ಲಿ ಮಕ್ಕಳ ನಡುವೆ ಬಿದ್ದು ಎದ್ದಿರಿ. ಮರುವರ್ಷ ನೀಲಿ ಕಂಬಗಳ ಹಾದಿ, ಆಮೇಲೆ ಕೆಂಪು ಕಂಬಗಳ ಹಾದಿ. ಕೈಕಾಲು ಹಿಡಿತಕ್ಕೆ ಬಂದ ಮೇಲೆ ಕಣ್ಣು ತಾನಾಗಿಯೇ ಕಂಬದ ಆಚೆಗೆ ಹೊರಳುತ್ತದೆ. ಈಚೆ, ರಾತ್ರಿಯೆಲ್ಲ ಯಂತ್ರ ಓಡಾಡಿ ಒತ್ತಿದ ಗಟ್ಟಿ ಹಿಮ, ನೂರು ಜನರ ಗದ್ದಲ. ಆಚೆ, ನಿನ್ನೆ ರಾತ್ರಿ ಬಿದ್ದ, ಯಾರೂ ತುಳಿಯದ ಬಿಳುಪು. ನಡುವೆ ಗೋಡೆಯಿಲ್ಲ, ಬೇಲಿಯಿಲ್ಲ, ಕಾವಲುಗಾರನಿಲ್ಲ. ಕಂಬ ನೆಟ್ಟು ಗುರುತಿಸಿದ ಈಚೆಯ ಹಾದಿಗೆ ಪಿಸ್ಟ್ ಎನ್ನುತ್ತಾರೆ. ಆಚೆಗೆ ಕಾಲಿಟ್ಟರೆ ಆಫ್-ಪಿಸ್ಟ್.

ಹೋಗಬೇಡಿ ಎಂದು ಹೇಳಲು ನಾನು ಬಂದಿಲ್ಲ. ಆ ಹಿಮವನ್ನು ನಾನು ತುಂಬ ಪ್ರೀತಿಸುತ್ತೇನೆ. ಗಾಳಿಯಿಲ್ಲದ ಚಳಿ ರಾತ್ರಿಯಲ್ಲಿ ಬಿದ್ದ ಹೊಸ ಹಿಮದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಗಾಳಿಯೇ ತುಂಬಿರುತ್ತದೆ. ಅದರ ಮೇಲೆ ಇಳಿಯುವಾಗ ಸ್ಕೀ ಕೆರೆಯುವ ಸದ್ದು ನಿಂತುಹೋಗುತ್ತದೆ. ಹಿಮ ಮೊಣಕಾಲನ್ನು ಸವರಿ, ಎದೆಯ ಮಟ್ಟಕ್ಕೆ ಎದ್ದು, ಹಿಂದೆ ಸರಿಯುತ್ತದೆ. ಒಂದು ತಿರುವಿನಿಂದ ಇನ್ನೊಂದಕ್ಕೆ ಹೋಗುವ ನಡುವೆ ದೇಹದ ಭಾರವೇ ಇಲ್ಲವಾಗುತ್ತದೆ. ಒಮ್ಮೆ ಇದನ್ನು ಉಂಡವರು ಮತ್ತೆ ಮತ್ತೆ ಹೋಗುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಹೋಗುವವರಿಗೆ ಗೊತ್ತಿರಬೇಕಾದದ್ದನ್ನು ಹೇಳಲು ಬಂದಿದ್ದೇನೆ.

ಮಾತಿಗೆ ಒಂದು ಜಾಗ ಬೇಕು. ಗ್ರಾವ್‌ಬ್ಯುಂಡೆನ್ ಪ್ರಾಂತದ ದಾವೋಸ್ ಮತ್ತು ಅದರ ಪಕ್ಕದ ಕ್ಲೋಸ್ಟರ್ಸ್ ಅನ್ನು ಆರಿಸಿಕೊಂಡಿದ್ದೇನೆ. ದಾವೋಸ್ ಹೆಸರು ಪ್ರತಿ ಜನವರಿಯಲ್ಲೂ ನಮ್ಮ ಪತ್ರಿಕೆಗಳಲ್ಲಿ ಬರುತ್ತದೆ, ವಿಶ್ವ ಆರ್ಥಿಕ ವೇದಿಕೆಯ ಸಭೆಯ ಕಾರಣಕ್ಕೆ. ಕ್ಲೋಸ್ಟರ್ಸ್ ಸದ್ದಿಲ್ಲದ ಶ್ರೀಮಂತರ ಊರು. ಬ್ರಿಟಿಷ್ ರಾಜಮನೆತನದವರು ದಶಕಗಳ ಕಾಲ ಬಂದುಹೋದ ಊರು. ಎರಡಕ್ಕೂ ನಡುವೆ ಪಾರ್ಸೆನ್ ಎಂಬ ವಿಶಾಲವಾದ ಸ್ಕೀ ಪ್ರದೇಶವಿದೆ. 2844 ಮೀಟರ್ ಎತ್ತರದ ವೈಸ್‌ಫ್ಲೂ ಶಿಖರದಿಂದ ಹೊರಟರೆ, ಹಿಮ ಚೆನ್ನಾಗಿರುವ ದಿನ, ಸುಮಾರು ಎರಡು ಸಾವಿರ ಮೀಟರ್ ಕೆಳಗಿರುವ ಕ್ಯೂಬ್ಲಿಸ್ ಹಳ್ಳಿಯವರೆಗೂ ಇಳಿಯಬಹುದು. ಅಲ್ಲಿಂದ ಕೆಂಪು ರೈಲು ಹತ್ತಿ ಮರಳಬಹುದು.

ಇಂಥ ಊರುಗಳಲ್ಲಿ ಹಣ ಕೊಟ್ಟರೆ ಎಲ್ಲವೂ ನಯವಾಗಿ ಸಿಗುತ್ತದೆ. ಬೂಟನ್ನು ರಾತ್ರಿ ಒಣಗಿಸಿ ಬೆಚ್ಚಗೆ ಇಟ್ಟಿರುತ್ತಾರೆ. ಬೆಟ್ಟ ಹತ್ತಿಸುವ ಲಿಫ್ಟಿನ ಆಸನಕ್ಕೂ ಬಿಸಿ. ಮಧ್ಯಾಹ್ನ ಎರಡೂವರೆ ಸಾವಿರ ಮೀಟರ್ ಎತ್ತರದಲ್ಲಿ ಬಿಳಿ ಮೇಜುಬಟ್ಟೆಯ ಮೇಲೆ ಊಟ. ಹಿಮ ಬಿದ್ದ ರಾತ್ರಿಯ ಮರುದಿನ, ನೀವು ತಿಂಡಿ ತಿನ್ನುತ್ತಿರುವಾಗ ಬೆಟ್ಟದ ಮೇಲಿಂದ ಗುಡುಗಿನಂಥ ಸದ್ದು ಕೇಳುತ್ತದೆ. ಲಿಫ್ಟ್ ಕಂಪನಿಯ ಸಿಬ್ಬಂದಿ ಸ್ಫೋಟಕ ಸಿಡಿಸಿ, ಅಪಾಯದ ಹಿಮವನ್ನು ಜನ ಬರುವ ಮೊದಲೇ ಬೀಳಿಸುವ ಸದ್ದು ಅದು. ಸಂಜೆ ಕೊನೆಯ ಸ್ಕೀಗಾರ ಇಳಿದ ಮೇಲೆ ಅದೇ ಸಿಬ್ಬಂದಿ ಹಾದಿಯುದ್ದಕ್ಕೂ ಬಂದು, ಯಾರೂ ಬಿದ್ದಿಲ್ಲ, ಉಳಿದಿಲ್ಲ ಎಂದು ನೋಡಿಕೊಂಡು ಹೋಗುತ್ತಾರೆ. ನಿಮ್ಮ ಟಿಕೆಟ್ಟಿನ ಹಣಕ್ಕೆ ಇದೆಲ್ಲ ಸಲ್ಲುತ್ತದೆ. ಆದರೆ ಕಂಬದ ತನಕ ಮಾತ್ರ. ಪಿಸ್ಟ್ ಮೇಲೆ ಹಿಮ ಕುಸಿಯದಂತೆ ಸ್ಫೋಟಿಸುತ್ತಾರೆಯೇ ಹೊರತು, ಪಕ್ಕದ ಕಣಿವೆಯಲ್ಲಿ ನೀವು ಸುರಕ್ಷಿತವಾಗಿ ಇಳಿಯಲಿ ಎಂದಲ್ಲ.

ನಡುವೆ ಇನ್ನೊಂದು ಬಗೆ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಹಳದಿ ಗುರುತಿನ ಹಾದಿಗಳು. ಅವುಗಳಲ್ಲಿ ಹಿಮಕುಸಿತದಿಂದ ರಕ್ಷಣೆ ಇರುತ್ತದೆ. ಆದರೆ ಹಿಮವನ್ನು ಒತ್ತಿರುವುದಿಲ್ಲ, ಸಂಜೆ ಯಾರೂ ಬಂದು ನೋಡುವುದಿಲ್ಲ. ಪುಡಿಹಿಮದ ಆಸೆ ಇರುವ ಹೊಸಬರು ಮೊದಲ ಒಂದೆರಡು ಚಳಿಗಾಲ ಇವುಗಳಲ್ಲೇ ಕಳೆಯಲಿ ಎಂಬುದು ನನ್ನ ಬಲವಾದ ಅಭಿಪ್ರಾಯ. ಹಳದಿ ಹಾದಿ ಮುಚ್ಚಿದೆ ಎಂಬ ಫಲಕ ಕಂಡರೆ, ಆ ದಿನ ಅದೂ ಆಫ್-ಪಿಸ್ಟ್ ಆಯಿತು ಎಂದೇ ತಿಳಿಯಬೇಕು.

ಕಂಬದ ಆಚೆ ಅಂದರೆ ದೂರದ ಕಾಡು ಅಂತಲ್ಲ. ಕಾರ್ ರೇಸಿನ ಚಾಂಪಿಯನ್ ಮೈಕೆಲ್ ಶುಮಾಕರ್ 2013ರ ಡಿಸೆಂಬರ್ 29ರಂದು ಫ್ರಾನ್ಸಿನ ಮೆರಿಬೆಲ್‌ನಲ್ಲಿ ತಲೆಗೆ ಪೆಟ್ಟು ಮಾಡಿಕೊಂಡದ್ದು ಎರಡು ಗುರುತಿಸಿದ ಹಾದಿಗಳ ನಡುವೆ, ಅಂಚಿನಿಂದ ಕೆಲವೇ ಮೀಟರ್ ಆಚೆ. ಹಿಮದಡಿಯ ಬಂಡೆಯನ್ನು ಅಲ್ಲಿ ಯಾರೂ ಗುರುತು ಹಾಕಿರುವುದಿಲ್ಲ. ಅವರ ತಲೆಯ ಮೇಲೆ ಹೆಲ್ಮೆಟ್ ಇತ್ತು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1894ರ ಮಾರ್ಚ್‌ನಲ್ಲಿ ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್, ದಾವೋಸ್‌ನ ಬ್ರಾಂಗರ್ ಸಹೋದರರ ಜೊತೆ ಸ್ಕೀ ಕಟ್ಟಿಕೊಂಡು ಮೈಯನ್‌ಫೆಲ್ಡರ್ ಫುರ್ಗ್ಗಾ ಎಂಬ ಕಣಿವೆದಾರಿಯನ್ನು ದಾಟಿ ಅರೋಸಾಕ್ಕೆ ಹೋದರು. ನಸುಕಿನಲ್ಲೇ ಹೊರಟಿದ್ದರು. ಆಗ ಪಿಸ್ಟ್ ಎಂಬುದೇ ಇರಲಿಲ್ಲ. ಇಡೀ ಪರ್ವತವೇ ಆಫ್-ಪಿಸ್ಟ್. ಇಳಿಯುವ ಪ್ರತಿ ಮೀಟರನ್ನೂ ಮೊದಲು ಹತ್ತಬೇಕಿತ್ತು. ಹತ್ತುವ ಹೊತ್ತೆಂದರೆ ನೋಡುವ ಹೊತ್ತು. ಗಂಟೆಗಟ್ಟಲೆ ಹಿಮದ ಮೇಲೆ ಕಾಲಿಡುತ್ತಾ ಹೋದವನಿಗೆ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು, ಗಾಳಿ ಯಾವ ಕಡೆಯಿಂದ ಬೀಸಿ ಎಲ್ಲಿ ಹಿಮ ಪೇರಿಸಿದೆ ಎಂಬುದು ಪಾದದಿಂದಲೇ ತಿಳಿಯುತ್ತದೆ. 1932ರ ಹೊತ್ತಿಗೆ ಪಾರ್ಸೆನ್ ರೈಲು ಶಿಖರದ ಸ್ವಲ್ಪ ಕೆಳಗಿನ ವೈಸ್‌ಫ್ಲೂಯೋಖ್ ತನಕ ಹತ್ತಿತು. 1934ರಲ್ಲಿ ದಾವೋಸ್‌ನ ಬೋಲ್ಗೆನ್ ಇಳಿಜಾರಿನಲ್ಲಿ ಎರ್ನ್ಸ್ಟ್ ಕಾನ್‌ಸ್ಟಾಮ್ ಎಂಬ ಎಂಜಿನಿಯರ್ ಸ್ಕೀಗಾರರನ್ನು ಎಳೆದುಕೊಂಡು ಹೋಗುವ ಲಿಫ್ಟ್ ನಿಲ್ಲಿಸಿದರು. ಕ್ಲೋಸ್ಟರ್ಸ್ ಕಡೆಯ ಗೊಚ್ನಾ ಕೇಬಲ್ ಕಾರ್ ಎರಡನೆಯ ಮಹಾಯುದ್ಧದ ನಂತರ ಬಂತು. ಇವತ್ತು ತಿಂಡಿ ಮುಗಿಸಿ ಅರ್ಧ ಗಂಟೆಯೊಳಗೆ ನೀವು ಶಿಖರದ ಮೇಲಿರುತ್ತೀರಿ, ಮೈ ಬಿಸಿಯಾಗುವ ಮೊದಲೇ, ಹಿಮದ ಬಗ್ಗೆ ಒಂದು ಸಂಗತಿಯೂ ತಿಳಿಯದೆ. ಶ್ರೀಮಂತ ಸ್ಕೀ ಊರುಗಳ ಅಪಾಯದ ಮೂಲ ಇಲ್ಲಿದೆ ಎಂದು ನಾನು ನಂಬಿದ್ದೇನೆ. ನೋಡುವ ಹೊತ್ತನ್ನು ಲಿಫ್ಟ್ ಕಸಿದುಕೊಂಡಿದೆ. ಅದನ್ನು ನಾವೇ ಪ್ರಯತ್ನಪೂರ್ವಕವಾಗಿ ಮರಳಿ ಪಡೆಯಬೇಕು.

ಸಂತೋಷದ ವಿಷಯವೆಂದರೆ, ಅದೇ ಪಾರ್ಸೆನ್ ರೈಲು ವಿಜ್ಞಾನಿಗಳನ್ನೂ ಮೇಲಕ್ಕೆ ಒಯ್ದಿತು. 1930ರ ದಶಕದ ನಡುವಿನಲ್ಲಿ ಕೆಲವು ಸಂಶೋಧಕರು ವೈಸ್‌ಫ್ಲೂಯೋಖ್‌ನಲ್ಲಿ ಹಿಮದಿಂದಲೇ ಕಟ್ಟಿದ ಗೂಡಿನಲ್ಲಿ ಕುಳಿತು ಹಿಮದ ಹರಳುಗಳನ್ನು ಪರೀಕ್ಷಿಸಲು ತೊಡಗಿದರು. ಅಲ್ಲಿಂದ ಬೆಳೆದದ್ದು ಇಂದು ಎಸ್‌ಎಲ್‌ಎಫ್ ಎಂದು ಕರೆಯುವ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆ. ಎರಡೂವರೆ ಸಾವಿರ ಮೀಟರ್ ಎತ್ತರದ ಅವರ ಅಳತೆಯ ಅಂಗಳದಲ್ಲಿ 1936ರಿಂದ ಚಳಿಗಾಲದುದ್ದಕ್ಕೂ ಪ್ರತಿದಿನ ಹಿಮದ ಆಳ ಅಳೆಯುತ್ತಾ ಬಂದಿದ್ದಾರೆ. ನಿಮ್ಮ ಮೊಬೈಲಿನಲ್ಲಿ ಸಂಜೆ ಐದಕ್ಕೆ ಬರುವ ಹಿಮಕುಸಿತ ಮುನ್ಸೂಚನೆ ಆ ಸಂಸ್ಥೆಯದು.

ಹಿಮಕುಸಿತವನ್ನು ದಾವೋಸ್ ಜನ ಸಂಸ್ಥೆ ಹುಟ್ಟುವ ಎಷ್ಟೋ ಮೊದಲೇ ಬಲ್ಲರು. ಊರಿನ ಕೆಳಭಾಗದಲ್ಲಿ ಫ್ರಾವೆನ್‌ಕಿರ್ಖ್ ಎಂಬಲ್ಲಿ ಒಂದು ಹಳೆಯ ಚರ್ಚ್ ಇದೆ. ಹೋದಾಗ ಅದರ ಹಿಂಬದಿಗೆ ಹೋಗಿ ನೋಡಿ. ಬೆಟ್ಟದ ಕಡೆಯ ಗೋಡೆ ಚಪ್ಪಟೆಯಾಗಿಲ್ಲ. ದೋಣಿಯ ಮೂತಿಯಂತೆ ಚೂಪಾಗಿದೆ, ಮೇಲಿಂದ ಬಂದ ಹಿಮ ಎರಡಾಗಿ ಸೀಳಿಕೊಂಡು ಪಕ್ಕಕ್ಕೆ ಹರಿದುಹೋಗಲಿ ಎಂದು. ಇಷ್ಟೆಲ್ಲ ತಿಳಿವಳಿಕೆ ಇದ್ದೂ 1968ರ ಜನವರಿಯಲ್ಲಿ ಇದೇ ದಾವೋಸ್‌ನಲ್ಲಿ ಹಿಮ ಊರೊಳಗೇ ನುಗ್ಗಿ 13 ಜನರನ್ನು ಕೊಂದಿತು. ಈಗ ಊರಿನ ಮೇಲಿನ ಇಳಿಜಾರುಗಳಲ್ಲಿ ಸಾಲುಸಾಲಾಗಿ ಕಾಣುವ ಉಕ್ಕಿನ ತಡೆಗಳು ಹಿಮವನ್ನು ಹೊರಟ ಜಾಗದಲ್ಲೇ ಹಿಡಿದಿಡಲು ನಿಲ್ಲಿಸಿದವು. ಊರುಗಳು ಈಗ ಹೆಚ್ಚುಕಡಿಮೆ ಸುರಕ್ಷಿತವಾಗಿವೆ. ಸ್ವಿಟ್ಜರ್ಲೆಂಡಿನಲ್ಲಿ ವರ್ಷಕ್ಕೆ ಸರಾಸರಿ ಇಪ್ಪತ್ತಕ್ಕೂ ಹೆಚ್ಚು ಜನ ಇಂದಿಗೂ ಹಿಮದಡಿ ಸಾಯುತ್ತಾರೆ, ಆದರೆ ಅವರಲ್ಲಿ ಬಹುಪಾಲು ಜನ ತಾವಾಗಿಯೇ ಬೆಟ್ಟಕ್ಕೆ ಹೋದವರು. ಆಫ್-ಪಿಸ್ಟ್‌ನವರು, ಸ್ಕೀ ಚಾರಣದವರು. ಅವರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಜನರ ಮೇಲೆ ಬಿದ್ದ ಹಿಮವನ್ನು ಬೀಳಿಸಿದ್ದು ಅವರೇ, ಇಲ್ಲವೇ ಅವರ ಗುಂಪಿನವರೇ.

ಒಬ್ಬ ಮನುಷ್ಯನ ಭಾರಕ್ಕೆ ಇಡೀ ಬೆಟ್ಟದ ಮೈ ಹೇಗೆ ಕಳಚಿಕೊಳ್ಳುತ್ತದೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಅಕ್ಟೋಬರ್‌ನಲ್ಲೋ ನವೆಂಬರ್‌ನಲ್ಲೋ ಮೊದಲ ಹಿಮ ಬೀಳುತ್ತದೆ. ಬಿಸಿಲು ಬೀಳುವ ಕಡೆ ಅದು ಕರಗಿಹೋಗುತ್ತದೆ. ಉತ್ತರಕ್ಕೆ ಮುಖ ಮಾಡಿದ ನೆರಳಿನ ಇಳಿಜಾರಿನಲ್ಲಿ ತೆಳುವಾಗಿ ಉಳಿಯುತ್ತದೆ. ಹಿಮದಡಿಯ ನೆಲದ ಉಷ್ಣತೆ ಶೂನ್ಯದ ಹತ್ತಿರ. ಮೇಲಿನ ಗಾಳಿ ರಾತ್ರಿ ಮೈನಸ್ ಹದಿನೈದು. ನಡುವೆ ಬರೀ ಒಂದು ಮೊಳ ಹಿಮ. ಇಷ್ಟು ಕಡಿಮೆ ದಪ್ಪದಲ್ಲಿ ಇಷ್ಟು ಅಂತರವಿದ್ದಾಗ ಕೆಳಗಿನ ಹರಳುಗಳಿಂದ ನೀರಿನ ಆವಿ ಮೇಲಕ್ಕೆ ಚಲಿಸುತ್ತದೆ, ಮತ್ತೆ ಹರಳುಗಟ್ಟುತ್ತದೆ. ವಾರಗಳು ಕಳೆದಂತೆ ಮೊದಲಿನ ನುಣುಪಾದ ಹಿಮ ಹೋಗಿ, ಮೂಲೆ ಮೊನೆಯುಳ್ಳ, ಒಂದಕ್ಕೊಂದು ಅಂಟದ ದಪ್ಪ ಕಾಳುಗಳಾಗುತ್ತವೆ. ಅಗೆದು ಕೈಗೆ ತೆಗೆದುಕೊಂಡರೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ, ಎಷ್ಟು ಒತ್ತಿದರೂ ಉಂಡೆ ಕಟ್ಟುವುದಿಲ್ಲ. ಆಮೇಲೆ ಜನವರಿಯಲ್ಲಿ ದೊಡ್ಡ ಹಿಮ ಬೀಳುತ್ತದೆ, ಗಾಳಿ ಅದನ್ನು ಏಣಿನಾಚೆ ಒಯ್ದು ಪೇರಿಸುತ್ತದೆ. ಗಾಳಿಯೇ ಹಿಮಕುಸಿತದ ಮೇಸ್ತ್ರಿ ಎಂಬ ಮಾತು ಆಲ್ಪ್ಸ್‌ನಲ್ಲಿ ಹಳೆಯದು. ಈಗ ಕೆಳಗೆ ಕಾಳು, ಮೇಲೆ ಒಂದೇ ತುಂಡಾಗಿ ಬಿಗಿದ ಹಿಮದ ಹಲಗೆ. ರಾಗಿ ಚೆಲ್ಲಿದ ಕಲ್ಲುಚಪ್ಪಡಿಯ ಮೇಲೆ ಹಲಗೆ ಇಟ್ಟು ಚಪ್ಪಡಿಯನ್ನು ಓರೆ ಮಾಡಿದ ಸ್ಥಿತಿ ಅದು.

ಇಳಿಜಾರು 30 ಡಿಗ್ರಿ ದಾಟಿತೆಂದರೆ ಹಲಗೆ ಜಾರಲು ಸಿದ್ಧ. ಹಿಡಿದಿಟ್ಟಿರುವುದು ಸುತ್ತಲಿನ ಬಿಗಿತ ಮಾತ್ರ. ನೀವು ಬಂಡೆಯೊಂದರ ಬದಿಯಲ್ಲಿ, ಹಲಗೆ ತೆಳುವಾಗಿರುವ ಕಡೆ ಹಾದಾಗ ನಿಮ್ಮ ಭಾರ ಕೆಳಗಿನ ಕಾಳಿನ ಪದರಕ್ಕೆ ತಲುಪುತ್ತದೆ. ಆ ಒಂದು ಬಿಂದುವಿನಲ್ಲಿ ಪದರ ಕುಸಿಯುತ್ತದೆ. ಆ ಕುಸಿತ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಜಾರಿನ ಉದ್ದಗಲಕ್ಕೂ ಹರಡುತ್ತದೆ. ಸಮತಟ್ಟಾದ ಜಾಗದಲ್ಲಿ ಇದೇ ಆದರೆ ಕಾಲ ಕೆಳಗೆ ‘ವುಂಫ್’ ಎಂದು ಮಂದವಾದ ಸದ್ದು ಬಂದು ಹಿಮ ಒಂದಿಷ್ಟು ಕುಗ್ಗುತ್ತದೆ. ಆ ಸದ್ದು ಕೇಳಿದ ದಿನ ಕಡಿದಾದ ಇಳಿಜಾರಿಗೆ ಹೋಗಲೇಬಾರದು. ಬೆಟ್ಟ ಅದಕ್ಕಿಂತ ಸ್ಪಷ್ಟವಾಗಿ ಮಾತನಾಡುವುದಿಲ್ಲ. ಕಡಿದಾದ ಜಾಗದಲ್ಲಾದರೆ ನಿಮ್ಮ ಮೇಲುಗಡೆ ಬಿರುಕು ಬಿಟ್ಟು, ನಿಂತ ನೆಲವೇ ತುಂಡುತುಂಡಾಗಿ ನಿಮ್ಮ ಸಮೇತ ಹೊರಡುತ್ತದೆ. ನಿಮಗಿಂತ ಮೊದಲು ಹತ್ತು ಜನ ಅದೇ ಇಳಿಜಾರಿನಲ್ಲಿ ಇಳಿದಿರಬಹುದು. ಅವರ ಗೆರೆಗಳು ತಾವು ಆ ತೆಳು ಜಾಗವನ್ನು ಮುಟ್ಟಲಿಲ್ಲ ಎಂಬುದನ್ನಷ್ಟೇ ಹೇಳುತ್ತವೆ.

ದಾವೋಸ್ ಆಲ್ಪ್ಸ್‌ನ ಒಳಭಾಗದಲ್ಲಿದೆ. ಅಂಚಿನ ಪ್ರದೇಶಗಳಿಗಿಂತ ಇಲ್ಲಿ ಹಿಮ ಕಡಿಮೆ, ಚಳಿ ಹೆಚ್ಚು. ಹಿಮ ಕಡಿಮೆ ಇದ್ದರೆ ಅಪಾಯ ಕಡಿಮೆ ಎಂದು ನಮಗೆ ಅನ್ನಿಸುವುದು ಸಹಜ. ಈಗ ವಿವರಿಸಿದ ಕಾರಣಕ್ಕೆ ಇಲ್ಲಿ ಅದು ತಿರುಗುಮುರುಗು. ತೆಳು ಹಿಮದ ಚಳಿಗಾಲಗಳೇ ಕಪಟಿಗಳು.

ಇನ್ನು ಮುನ್ಸೂಚನೆ. 1993ರಿಂದ ಯೂರೋಪಿನಲ್ಲಿ ಹಿಮಕುಸಿತದ ಅಪಾಯಕ್ಕೆ ಒಂದೇ ಮಾಪನವಿದೆ: ಒಂದರಿಂದ ಐದು. ಮೂರನೆಯ ಮಟ್ಟದ ಹೆಸರು ‘ಗಣನೀಯ’. ಐದಕ್ಕೆ ಮೂರು ಎಂದರೆ ನಡುವಿನದು, ಪರವಾಗಿಲ್ಲ ಎಂದು ನಮ್ಮ ಮನಸ್ಸು ಓದಿಕೊಳ್ಳುತ್ತದೆ. ಆದರೆ ಒಂದೊಂದು ಮೆಟ್ಟಿಲಿಗೂ ಅಪಾಯ ದುಪ್ಪಟ್ಟಿಗಿಂತ ಹೆಚ್ಚಾಗುತ್ತಾ ಹೋಗುತ್ತದೆ. ಮೂರರಲ್ಲಿ ಒಬ್ಬನೇ ಸ್ಕೀಗಾರ ಸುಲಭವಾಗಿ ಹಿಮ ಕೆಡವಬಲ್ಲ, ಕೆಲವೊಮ್ಮೆ ದೂರದಿಂದಲೂ. ಹಿಮಕುಸಿತದ ಸಾವುಗಳಲ್ಲಿ ಸುಮಾರು ಅರ್ಧ ಈ ಮೂರನೆಯ ಮಟ್ಟದ ದಿನಗಳಲ್ಲೇ ಆಗುತ್ತವೆ. ನಾಲ್ಕು, ಐದರ ದಿನ ಜನ ಹೆದರಿ ಮನೆಯಲ್ಲಿರುತ್ತಾರೆ. ಮೂರರ ದಿನ ಆಕಾಶ ನೀಲಿಯಾಗಿರುತ್ತದೆ, ಹಿಮ ಹೊಸದಾಗಿರುತ್ತದೆ. 2022ರ ಡಿಸೆಂಬರ್‌ನಿಂದ ಎಸ್‌ಎಲ್‌ಎಫ್ ಅಂಕೆಯ ಪಕ್ಕದಲ್ಲಿ ಕಳೆ, ಸಮ, ಕೂಡು ಚಿಹ್ನೆಯನ್ನೂ ಕೊಡುತ್ತಿದೆ. ಮೂರು-ಕೂಡು ಎಂದರೆ ನಾಲ್ಕರ ಬಾಗಿಲಲ್ಲಿದ್ದೀರಿ.

ಅಂಕೆಯಷ್ಟೇ ಸಾಲದು, ಕೆಳಗಿನ ಬರಹವನ್ನು ಓದಬೇಕು. ಯಾವ ಎತ್ತರದಿಂದ ಮೇಲೆ, ಯಾವ ದಿಕ್ಕಿನ ಇಳಿಜಾರು, ಯಾವ ಬಗೆಯ ಹಿಮ ಎಂಬುದೆಲ್ಲ ಅಲ್ಲಿರುತ್ತದೆ. ಅದನ್ನು ಸ್ವಿಸ್ ಸರ್ಕಾರದ ಸ್ವಿಸ್‌ಟೋಪೋ ನಕ್ಷೆಯ ಮೇಲೆ ಇಟ್ಟು ನೋಡಿ. ನಕ್ಷೆಯಲ್ಲಿ ಇಳಿಜಾರಿನ ಪದರವನ್ನು ತೆರೆದರೆ 30 ಡಿಗ್ರಿಯಿಂದ ಹಳದಿ, 35ರಿಂದ ಕಿತ್ತಳೆ, 40ರಿಂದ ಕೆಂಪು ಬಣ್ಣ ಬರುತ್ತದೆ. ಸ್ವಿಸ್ ಪರ್ವತ ಮಾರ್ಗದರ್ಶಿ ವೆರ್ನರ್ ಮುಂಟರ್ 1990ರ ದಶಕದಲ್ಲಿ ಸರಳವಾದ ಒಂದು ಕಟ್ಟಳೆ ಕೊಟ್ಟರು: ಎರಡನೆಯ ಮಟ್ಟದ ದಿನ 40 ಡಿಗ್ರಿಗಿಂತ ಕಡಿಮೆ, ಮೂರರ ದಿನ 35ಕ್ಕಿಂತ ಕಡಿಮೆ, ನಾಲ್ಕರ ದಿನ 30ಕ್ಕಿಂತ ಕಡಿಮೆ ಇಳಿಜಾರಿನಲ್ಲೇ ಇರಿ. ಇದಕ್ಕಿಂತ ಸೂಕ್ಷ್ಮವಾದ ವಿಧಾನಗಳು ಇವೆ. ಹೊಸಬರಿಗೆ ಇದು ಸಾಕು. ಇನ್ನೊಂದು ಮಾತು: ನೀವಿರುವ ಜಾಗದ ಇಳಿಜಾರು ಮಾತ್ರವಲ್ಲ, ತಲೆಯ ಮೇಲಿನದನ್ನೂ ಲೆಕ್ಕ ಹಿಡಿಯಬೇಕು.

ಹಣ, ಹೆಸರು, ಅನುಭವ ಯಾವುದನ್ನೂ ಹಿಮ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1988ರ ಮಾರ್ಚ್ 10ರಂದು ಈಗಿನ ಬ್ರಿಟಿಷ್ ರಾಜ ಚಾರ್ಲ್ಸ್, ಆಗ ಯುವರಾಜ, ಕ್ಲೋಸ್ಟರ್ಸ್‌ನ ಮೇಲಿನ ಗೊಚ್ನಾ ಇಳಿಜಾರಿನಲ್ಲಿ ಆಫ್-ಪಿಸ್ಟ್ ಸ್ಕೀ ಮಾಡುತ್ತಿದ್ದರು. ಜೊತೆಯಲ್ಲಿ ಸ್ನೇಹಿತರಿದ್ದರು, ಸ್ಥಳೀಯ ಮಾರ್ಗದರ್ಶಿ ಇದ್ದರು. ಹಿಮಕುಸಿತದ ಎಚ್ಚರಿಕೆ ಹೊರಟಿತ್ತು. ಹಿಮ ಬಂದಾಗ ಚಾರ್ಲ್ಸ್ ಪಕ್ಕಕ್ಕೆ ತಪ್ಪಿಸಿಕೊಂಡರು. ಅವರ ಸ್ನೇಹಿತ ಮೇಜರ್ ಹ್ಯೂ ಲಿಂಡ್ಸೆ ಸತ್ತರು. ಪ್ಯಾಟಿ ಪಾಮರ್-ಟಾಮ್‌ಕಿನ್ಸನ್ ಅವರ ಎರಡೂ ಕಾಲು ಮುರಿಯಿತು. ಹೂತುಹೋದವರಿಗಾಗಿ ಮೊದಲು ಅಗೆದದ್ದು ಗುಂಪಿನವರೇ, ಯುವರಾಜನೂ ಸೇರಿ. ತನಿಖೆಯ ನಂತರ ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. ಅವರೆಲ್ಲ ತಿಳಿದೇ, ತಮ್ಮ ಇಚ್ಛೆಯಿಂದಲೇ ಅಲ್ಲಿಗೆ ಹೋಗಿದ್ದರು.

ಆಸ್ಟ್ರಿಯಾದ ಲೆಖ್ ಇನ್ನೊಂದು ಸಿರಿವಂತ ಊರು. ಡಚ್ ರಾಜಕುಮಾರ ಫ್ರಿಸೊ 2012ರ ಫೆಬ್ರವರಿ 17ರಂದು ಅಲ್ಲಿ ಆಫ್-ಪಿಸ್ಟ್‌ಗೆ ಇಳಿದರು. ಅಂದಿನ ಮಟ್ಟ ನಾಲ್ಕು. ಅವರ ಕುಟುಂಬ ವರ್ಷಗಳಿಂದ ಬರುತ್ತಿದ್ದ ಊರು ಅದು. ಜೊತೆಗಿದ್ದ ಸ್ಥಳೀಯ ಸ್ನೇಹಿತ ಬೆನ್ನಚೀಲದಿಂದ ಉಬ್ಬಿಕೊಳ್ಳುವ ಏರ್‌ಬ್ಯಾಗ್ ಹಾಕಿಕೊಂಡಿದ್ದರು, ಬದುಕಿದರು. ಫ್ರಿಸೊ ಸುಮಾರು 25 ನಿಮಿಷ ಹಿಮದಡಿ ಇದ್ದರು. ಹೊರತೆಗೆದು ಬಹಳ ಹೊತ್ತು ಪ್ರಯತ್ನಿಸಿದ ಮೇಲೆ ಹೃದಯ ಮತ್ತೆ ಬಡಿಯಿತು, ಪ್ರಜ್ಞೆ ಮರಳಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು.

25 ನಿಮಿಷ. ಈ ಅಂಕಿಯ ಮೇಲೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಕನ್ನಡಿಗರ ನೆನಪಿನಲ್ಲಿ ಹಿಮಕುಸಿತವೆಂದರೆ ಬೇರೊಂದು ಚಿತ್ರವಿದೆ. ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿ, ಆರು ದಿನಗಳ ನಂತರ ಜೀವಂತವಾಗಿ ಸಿಕ್ಕರು. ಇಡೀ ದೇಶ ಕೈಮುಗಿದು ಕಾಯಿತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ನಮ್ಮನ್ನು ಅಗಲಿದರು. ಅವರ ಜೊತೆಗಿದ್ದ ಒಂಬತ್ತು ಯೋಧರು ಹಿಮದಲ್ಲೇ ಮಡಿದಿದ್ದರು. ಹನುಮಂತಪ್ಪನವರ ಸುತ್ತ ಡೇರೆಯಿತ್ತು, ಉಸಿರಾಡಲು ಗಾಳಿಯ ಜಾಗವಿತ್ತು. ಸ್ಕೀಗಾರನ ಸುತ್ತ ಏನೂ ಇರುವುದಿಲ್ಲ. ಜಾರುವಾಗ ಹಗುರಾಗಿ ಕಾಣುವ ಹಿಮ, ನಿಂತ ಕ್ಷಣದಲ್ಲೇ ಬಿಗಿದುಕೊಳ್ಳುತ್ತದೆ. ಬೆರಳನ್ನೂ ಅಲುಗಿಸಲಾಗುವುದಿಲ್ಲ. ಬಿಟ್ಟ ಉಸಿರು ಬಾಯಿಯ ಮುಂದೆಯೇ ಹೆಪ್ಪುಗಟ್ಟಿ ಮುಚ್ಚಳವಾಗುತ್ತದೆ. ಸ್ವಿಟ್ಜರ್ಲೆಂಡಿನ ದಾಖಲೆಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪೂರ್ತಿ ಹೂತುಹೋದವರಲ್ಲಿ ಹತ್ತು ನಿಮಿಷದೊಳಗೆ ಹೊರತೆಗೆದರೆ ಬದುಕುವವರು ಶೇ 91. ಅರ್ಧ ಗಂಟೆಗೆ ಅದು ಶೇ 31ಕ್ಕೆ ಇಳಿಯುತ್ತದೆ.

ರೇಗಾ ಹೆಲಿಕಾಪ್ಟರ್ ಸೇವೆ ಅದ್ಭುತವಾದದ್ದು, 1414 ಎಂಬ ಸಂಖ್ಯೆ ಎಲ್ಲರ ಮೊಬೈಲಿನಲ್ಲೂ ಇರಲಿ. ಆದರೂ ಕರೆ ತಲುಪಿ, ಹೆಲಿಕಾಪ್ಟರ್ ಎದ್ದು, ನಿಮ್ಮನ್ನು ಹುಡುಕಿ ಇಳಿಯುವಷ್ಟರಲ್ಲಿ ಆ ಹತ್ತು ನಿಮಿಷ ಬಹುತೇಕ ಮುಗಿದಿರುತ್ತದೆ. ಕಂಬದ ಆಚೆ ನಿಮ್ಮ ಆಂಬುಲೆನ್ಸ್ ನಿಮ್ಮ ಜೊತೆಗಾರನೇ. ಅವನ ಬಳಿ ಮೂರು ವಸ್ತು ಇರಬೇಕು, ನಿಮ್ಮ ಬಳಿಯೂ: ಟ್ರಾನ್ಸೀವರ್ (ರೇಡಿಯೋ ಸಂಕೇತ ಕಳುಹಿಸುವ, ಹುಡುಕುವ ಪುಟ್ಟ ಉಪಕರಣ), ಮಡಚುವ ಉದ್ದನೆಯ ಶೋಧನಾ ಸಲಾಕೆ, ಲೋಹದ ಸಲಿಕೆ.

ಹುಡುಕುವ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಹಿಮ ನಿಂತಿತು. ಕೊನೆಯ ಬಾರಿ ಸ್ನೇಹಿತ ಕಂಡ ಜಾಗ ಯಾವುದೆಂದು ಕಣ್ಣಿನಲ್ಲಿ ಹಿಡಿದಿರಬೇಕು. ಎಲ್ಲರೂ ತಮ್ಮ ಟ್ರಾನ್ಸೀವರನ್ನು ಕಳುಹಿಸುವ ಸ್ಥಿತಿಯಿಂದ ಹುಡುಕುವ ಸ್ಥಿತಿಗೆ ತಿರುಗಿಸಬೇಕು. ಒಬ್ಬ ಮರೆತರೂ ನೀವು ಅವನನ್ನೇ ಹುಡುಕುತ್ತಾ ಸುತ್ತುತ್ತೀರಿ. ಸಂಕೇತ ಸಿಕ್ಕಿತು: ಪರದೆಯ ಮೇಲೆ ಬಾಣ, ಪಕ್ಕದಲ್ಲಿ ಮೀಟರಿನ ಲೆಕ್ಕದಲ್ಲಿ ದೂರದ ಅಂಕೆ. 38, 30, 22. ಬಾಣ ನೇರವಾಗಿ ಒಯ್ಯುವುದಿಲ್ಲ, ಬಾಗಿದ ಗೆರೆಯಲ್ಲಿ ಒಯ್ಯುತ್ತದೆ, ಗಾಬರಿಯಾಗಬಾರದು. ಹತ್ತಕ್ಕೆ ಬಂದಾಗ ನಡಿಗೆ ನಿಧಾನ. ಮೂರಕ್ಕೆ ಬಂದಾಗ ಮಂಡಿಯೂರಿ ಉಪಕರಣವನ್ನು ಹಿಮಕ್ಕೆ ಮುಟ್ಟಿಸಿ, ತಿರುಗಿಸದೆ ಉದ್ದಕ್ಕೂ ಅಡ್ಡಕ್ಕೂ ಸರಿಸುತ್ತಾ ಅತಿ ಕಡಿಮೆ ಅಂಕೆ ಎಲ್ಲಿ ಎಂದು ನೋಡಬೇಕು. ಅಲ್ಲಿಂದ ಸಲಾಕೆ, ಇಳಿಜಾರಿಗೆ ಲಂಬವಾಗಿ, ಒಂದು ಗೇಣಿನ ಅಂತರದಲ್ಲಿ ಸುರುಳಿಯಾಗಿ ಚುಚ್ಚುತ್ತಾ ಹೋಗಬೇಕು. ನೆಲ ತಗುಲಿದರೆ ಗಟ್ಟಿ. ಮನುಷ್ಯ ತಗುಲಿದರೆ ಮೆತ್ತಗೆ, ಸ್ವಲ್ಪ ಪುಟಿಯುತ್ತದೆ. ತಗುಲಿದ ಸಲಾಕೆಯನ್ನು ಕೀಳಬಾರದು. ಅಗೆಯುವವರು ಮೇಲಿಂದಲ್ಲ, ಇಳಿಜಾರಿನ ಕೆಳಗಡೆಯಿಂದ ಸಲಾಕೆಯತ್ತ ಅಗೆಯಬೇಕು, ಒಬ್ಬ ಮುಂದೆ, ಉಳಿದವರು ಹಿಂದಕ್ಕೆ ಹಿಮ ಸಾಗಿಸುತ್ತಾ. ಒಂದು ಮೀಟರ್ ಆಳಕ್ಕೆ ಒಂದು ಟನ್‌ಗೂ ಹೆಚ್ಚು ಹಿಮ ತೆಗೆಯಬೇಕಾಗುತ್ತದೆ, ಅದೂ ಗಾರೆಯಷ್ಟು ಬಿಗಿದದ್ದು. ಹೊತ್ತು ಹೆಚ್ಚು ಹಿಡಿಯುವುದು ಹುಡುಕುವುದಕ್ಕಲ್ಲ, ಅಗೆಯುವುದಕ್ಕೆ. ಮುಖ ಸಿಕ್ಕೊಡನೆ ಬಾಯಿಯ ಹಿಮ ತೆಗೆದು ಉಸಿರು ಕೊಡಬೇಕು.

ನಮ್ಮವರಿಗಾಗಿ ಇನ್ನೊಂದು ಮಾತು. ಮೊಬೈಲ್ ಫೋನ್ ಟ್ರಾನ್ಸೀವರಿನ ಶತ್ರು. ಕಳುಹಿಸುವಾಗ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ಅಂತರ ಬೇಕು. ಎದೆಯ ಮೇಲೆ ಟ್ರಾನ್ಸೀವರ್ ಕಟ್ಟಿ, ಅದರ ಮೇಲಿನ ಕಿಸೆಯಲ್ಲೇ ಫೋನ್ ಇಟ್ಟುಕೊಂಡವರನ್ನು ಲಿಫ್ಟ್ ಸರದಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಬಿಸಿಯಾಗುವ ಕೈಗವಸು, ಅಯಸ್ಕಾಂತದ ಗುಂಡಿಯ ಜಾಕೆಟ್‌ಗೂ ಇದೇ ಮಾತು.

ಹಿಮಕ್ಕಿಂತ ಓದಲು ಕಷ್ಟವಾದದ್ದು ಗುಂಪು. ಹಿಮ ಬಿದ್ದ ಮರುದಿನ ಇಳಿಜಾರು ಮಧ್ಯಾಹ್ನದೊಳಗೆ ಗೆರೆಗಳಿಂದ ತುಂಬಿಬಿಡುತ್ತದೆ. ಬೇಗ ಹೋಗದಿದ್ದರೆ ಸಿಗುವುದಿಲ್ಲ ಎಂಬ ಆತುರ. ಹೋಟೆಲಿಗೆ ಅಷ್ಟು ಹಣ ಕೊಟ್ಟಿದ್ದೇವೆ, ನಾಳೆ ಊರಿಗೆ ಮರಳಬೇಕು. ಇದರ ಜೊತೆ ನಮ್ಮಲ್ಲಿ ಇನ್ನೊಂದು ಸೇರಿಕೊಳ್ಳುತ್ತದೆ. ಗುಂಪಿನಲ್ಲಿ ವಯಸ್ಸಿನಲ್ಲೋ ಹುದ್ದೆಯಲ್ಲೋ ದೊಡ್ಡವರೊಬ್ಬರು ಇರುತ್ತಾರೆ. ಅವರು ‘ಬನ್ನಿ, ಏನೂ ಆಗಲ್ಲ’ ಎಂದು ಮುಂದೆ ಹೊರಟರೆ, ಹೊಟ್ಟೆಯಲ್ಲಿ ಅಳುಕಿದ್ದರೂ ‘ಬೇಡ ಅಣ್ಣ’ ಎನ್ನಲು ನಾಲಿಗೆ ಏಳುವುದಿಲ್ಲ. ಹಿರಿಯರಿಗೆ ಎದುರಾಡಬಾರದು ಎಂದು ಬೆಳೆದವರು ನಾವು. ಆ ಸಂಸ್ಕಾರ ಮನೆಯಲ್ಲಿ ಚೆನ್ನ. 38 ಡಿಗ್ರಿ ಇಳಿಜಾರಿನ ತುದಿಯಲ್ಲಿ ಅದು ಜೀವ ತೆಗೆಯುತ್ತದೆ. ಹೊರಡುವ ಮೊದಲೇ, ಕೆಳಗೆ ಕಾಫಿ ಕುಡಿಯುವಾಗಲೇ ಮಾತಾಡಿಕೊಳ್ಳಿ: ಒಬ್ಬರು ಬೇಡ ಎಂದರೆ ಎಲ್ಲರೂ ಹಿಂದಕ್ಕೆ, ಕಾರಣ ಕೇಳುವಂತಿಲ್ಲ. ಆ ಮಾತನ್ನು ಹಿರಿಯರೇ ಮೊದಲು ಆಡಬೇಕು. ಈ ಸಭೆಯಲ್ಲಿರುವ ಹಿರಿಯರಿಗೆ ಕೈಮುಗಿದು ಕೇಳುತ್ತೇನೆ.

ಅನುಭವಿ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ದಿನಕ್ಕೆ ನೂರಾರು ಫ್ರಾಂಕ್ ಆಗುತ್ತದೆ, ಐದಾರು ಜನ ಹಂಚಿಕೊಂಡರೆ ಭಾರವಲ್ಲ. ಅವರಿಂದ ಇಳಿಜಾರು ಮಾತ್ರವಲ್ಲ, ಇಳಿಯದೆ ಹಿಂದಿರುಗುವುದು ಹೇಗೆ ಎಂಬುದನ್ನೂ ಕಲಿಯಬಹುದು. ಆದರೆ ಮಾರ್ಗದರ್ಶಿ ಇದ್ದಾರೆ ಎಂದು ನಿಮ್ಮ ಕಣ್ಣು ಮುಚ್ಚಿಕೊಳ್ಳಬೇಡಿ. 1988ರ ಗುಂಪಿನಲ್ಲೂ ಇದ್ದರು.

ಕಾನೂನಿನ ವಿಷಯ ಚುಟುಕಾಗಿ. ಆಫ್-ಪಿಸ್ಟ್‌ಗೆ ಹೋಗುವುದು ಇಲ್ಲಿ ಅಪರಾಧವಲ್ಲ. ಆದರೆ ನೀವು ಕೆಡವಿದ ಹಿಮ ಕೆಳಗಿನ ಪಿಸ್ಟ್‌ಗೆ ಬಿದ್ದರೆ ಮೊಕದ್ದಮೆ ಎದುರಿಸಬೇಕಾಗಬಹುದು. ಎಚ್ಚರಿಕೆಗಳನ್ನು ಗಾಳಿಗೆ ತೂರಿ ಗಾಯಗೊಂಡರೆ, ಉದ್ಯೋಗದ ಮೂಲಕ ಬರುವ ಅಪಘಾತ ವಿಮೆಯ ನಗದು ಪರಿಹಾರವನ್ನು ಕಡಿತಗೊಳಿಸಲು ಅವಕಾಶವಿದೆ. ನಕ್ಷೆಯಲ್ಲಿ ಗುರುತಿಸಿದ ವನ್ಯಜೀವಿಗಳ ಚಳಿಗಾಲದ ವಲಯಗಳಿಗೆ ಕಾಲಿಟ್ಟರೆ ದಂಡ. ಅದು ಸರಿಯಾದದ್ದೇ: ಚಳಿಗಾಲದಲ್ಲಿ ಶಮ್ವಾ ಮೇಕೆಗಳು, ಕಾಡುಕೋಳಿಗಳು ಇದ್ದಬದ್ದ ಕೊಬ್ಬಿನ ಮೇಲೆ ದಿನ ದೂಡುತ್ತವೆ. ನಮ್ಮನ್ನು ಕಂಡು ಬೆದರಿ ಆಳ ಹಿಮದಲ್ಲಿ ಓಡಿದರೆ, ವಸಂತದ ತನಕ ಉಳಿಯಲು ಬೇಕಾದ ಶಕ್ತಿ ಅಲ್ಲೇ ಖರ್ಚಾಗಿಹೋಗುತ್ತದೆ.

ಪ್ರಶ್ನೆಗಳು ಬಹಳ ಬಂದವು, ಮೂರನ್ನು ಇಲ್ಲಿ ಬರೆಯುತ್ತೇನೆ.

ಏರ್‌ಬ್ಯಾಗ್ ಕೊಂಡರೆ ಸಾಕಲ್ಲವೇ ಎಂದು ಒಬ್ಬರು ಕೇಳಿದರು. ಏರ್‌ಬ್ಯಾಗ್ ಉಬ್ಬಿದರೆ ಹರಿಯುವ ಹಿಮದಲ್ಲಿ ನೀವು ಮೇಲಕ್ಕೆ ಬರುವ ಸಾಧ್ಯತೆ ಹೆಚ್ಚುತ್ತದೆ. ಜೀವಗಳನ್ನು ಉಳಿಸಿದೆ, ಕೊಳ್ಳಿ. ಆದರೆ ಹಿಡಿಯನ್ನು ಎಳೆಯುವಷ್ಟು ಎಚ್ಚರ ಆ ಕ್ಷಣದಲ್ಲಿ ಇರಬೇಕು. ಹಿಮ ನಿಮ್ಮನ್ನು ಬಂಡೆಗೋ ಮರಕ್ಕೋ ಅಪ್ಪಳಿಸಿದರೆ, ಕಮರಿಗೆ ತಳ್ಳಿದರೆ ಅದು ಏನೂ ಮಾಡಲಾರದು. ಹಾಗೆ ಪೆಟ್ಟಿನಿಂದಲೇ ಸಾಯುವವರು ಕಡಿಮೆಯಿಲ್ಲ.

ಕಾಡಿನ ನಡುವೆ ಇಳಿದರೆ ಅಪಾಯವಿಲ್ಲವಲ್ಲ ಎಂಬುದು ಇನ್ನೊಬ್ಬರ ಪ್ರಶ್ನೆ. ನೀವು ಆರಾಮವಾಗಿ ಸ್ಕೀ ಮಾಡುವಷ್ಟು ಬಿಡುವಿರುವ ಕಾಡು ಹಿಮವನ್ನು ಹಿಡಿದಿಡುವುದಿಲ್ಲ. ದಟ್ಟ ಕಾಡು ಮಾತ್ರ ಹಿಡಿದಿಡುತ್ತದೆ, ಅಲ್ಲಿ ಸ್ಕೀ ಮಾಡಲಾಗುವುದಿಲ್ಲ.

ಕೊನೆಯಲ್ಲಿ ಒಬ್ಬ ತಾಯಿ ಎದ್ದು ನಿಂತರು. ಮಗ ಇಲ್ಲೇ ಹುಟ್ಟಿ ಬೆಳೆದವನು, ತಮಗಿಂತ ಎಷ್ಟೋ ಚೆನ್ನಾಗಿ ಸ್ಕೀ ಮಾಡುತ್ತಾನೆ, ಶನಿವಾರ ಬಂದರೆ ಸ್ನೇಹಿತರ ಜೊತೆ ಪಾರ್ಸೆನ್‌ಗೆ ಹೊರಡುತ್ತಾನೆ. ‘ನನಗೆ ಇದೆಲ್ಲ ಗೊತ್ತಾಗುವುದಿಲ್ಲ, ಅವನಿಗೆ ಏನು ಕೇಳಲಿ?’ ಎಂದರು. ಶುಕ್ರವಾರ ಸಂಜೆ ಐದರ ನಂತರ, ನಾಳೆ ಯಾವ ದಿಕ್ಕಿನ, ಯಾವ ಎತ್ತರದ ಹಿಮ ಕೆಟ್ಟದ್ದಂತೆ ಎಂದು ಕೇಳಿ, ಅಂಕೆ ಹೇಳಿದರೆ ಒಪ್ಪಬೇಡಿ ಎಂದೆ. ಜೊತೆಗೆ ಬರುವ ಗೆಳೆಯರು ಟ್ರಾನ್ಸೀವರ್ ಹಿಡಿದು ಹುಡುಕುವ ಅಭ್ಯಾಸ ಕೊನೆಯ ಬಾರಿ ಮಾಡಿದ್ದು ಯಾವಾಗ ಎಂದು ಕೇಳಿ. ಎರಡಕ್ಕೂ ಅವನು ತಡವರಿಸದೆ ಉತ್ತರಿಸಿದರೆ ಊಟದ ಡಬ್ಬಿ ಕಟ್ಟಿ ಕಳುಹಿಸಿ. ತಡವರಿಸಿದರೆ, ಹಲವು ಸ್ಕೀ ಕೇಂದ್ರಗಳಲ್ಲಿ ಟ್ರಾನ್ಸೀವರುಗಳನ್ನು ಹಿಮದಲ್ಲಿ ಹೂತಿಟ್ಟ ಅಭ್ಯಾಸದ ಅಂಗಳಗಳಿವೆ, ಈ ಶನಿವಾರ ಗೆಳೆಯರ ಜೊತೆ ಅಲ್ಲಿಗೆ ಹೋಗಲಿ. ನೀವೂ ಜೊತೆಗೆ ಹೋಗಿ ನೋಡಿ.